ಮೂವತ್ತೈದಕ್ಕೆ ಪಾಸಾದ ಮಾವಿನಕಾಯಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದರ ಜೊತೆಗೆ ನನಗೆ ಕಂಪ್ಯೂಟರ್ ಬೇರೆ ಬರುತ್ತಿತ್ತು. ಇವೆರಡೂ ಒಬ್ಬಳೇ ಹುಡುಗಿಯಲ್ಲಿ ಸೇರಿಕೊಂಡರೆ ಸುತ್ತಲಿನವರ ಪಾಡು ಏನಾಗಬೇಕು? ಎಂಬತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದ ಒಂದು ಮಾವಿನ ಕಾರ್ಖಾನೆಯವರು ಒಂದಿಡೀ ಸುಗ್ಗಿ ಆ ಪಾಡು ಪಟ್ಟರು.

ಕಾರ್ಖಾನೆ ದೊಡ್ಡದೇನಲ್ಲ. ಮಾವಿನಹಣ್ಣಿನ ತಿರುಳು ತೆಗೆದು, ಕಾಯಿಸಿ, ತಗಡಿನ ಡಬ್ಬಿಗೆ ತುಂಬಿ ಹೊರದೇಶಕ್ಕೆ ಕಳಿಸುವುದು ಅಲ್ಲಿನ ಕೆಲಸ. ಸುತ್ತಲಿನ ತೋಟಗಳಿಂದ ತೋತಾಪುರಿ, ಬಾದಾಮಿ ಗಾಡಿಗಟ್ಟಲೆ ಬರುತ್ತಿದ್ದವು. ಬರುತ್ತಿದ್ದದ್ದು ಕಾಯಿ, ಬೇಕಾದದ್ದು ಹಣ್ಣು. ಆದ್ದರಿಂದ ಹಿತ್ತಿಲ ಕಡೆ ಸಾಲಾಗಿ ಎಂಟು ಕೋಣೆಗಳಿದ್ದವು. ಅಲ್ಲಿ ಹುಲ್ಲು ಹಾಸಿ, ಕಾಯಿ ಹರವಿ, ಮೇಲೆ ಮತ್ತೆ ಹುಲ್ಲು ಮುಚ್ಚಿ ಅಡೆ ಹಾಕುತ್ತಿದ್ದರು. ನಾಲ್ಕು ದಿನಕ್ಕೋ ಆರು ದಿನಕ್ಕೋ ಕಾಯಿ ಮಾಗುತ್ತಿತ್ತು. ಯಾವ ಕೋಣೆಯನ್ನು ಯಾವ ದಿನ ಖಾಲಿ ಮಾಡಬೇಕು ಎನ್ನುವುದರ ಮೇಲೆ ಇಡೀ ಕಾರ್ಖಾನೆ ನಿಂತಿತ್ತು. ಒಂದು ದಿನ ಮೊದಲು ತೆಗೆದರೆ ತಿರುಳು ಬಿಳಿಚಿಕೊಂಡು ಹುಳಿ ಹುಳಿ. ಒಂದು ದಿನ ತಡವಾದರೆ ಹೆಂಡದ ಅಂಗಡಿಯ ವಾಸನೆ.

ಅದನ್ನು ನಿರ್ಧರಿಸುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ಮಾಲೀಕರೂ ಸಹ. ಅವರು ಬೆಳಗ್ಗೆ ಬಂದು ಸೆರಗು ಸಿಕ್ಕಿಸಿಕೊಂಡು, ಅಡೆ ಹಾಕುವ ಆರು ಜನ ಹೆಂಗಸರನ್ನು ಹಿಂದಿಟ್ಟುಕೊಂಡು ಕೋಣೆಯಿಂದ ಕೋಣೆಗೆ ಹೋಗುವರು. ಹುಲ್ಲು ಸರಿಸಿ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿಯುವರು. ಕೆನ್ನೆಗೆ ಒತ್ತಿಕೊಳ್ಳುವರು. ಆಮೇಲೆ ಹಿಂದಕ್ಕೆ ತಿರುಗಿ, ಏನಂತೀರೇ ಎಂದು ಆರು ಜನರನ್ನೂ ಕೇಳುವರು. ಅವರು ಒಬ್ಬೊಬ್ಬರಾಗಿ ಮೂಸಿ ಏನೋ ಒಂದು ಹೇಳಿದ ಮೇಲೆ ದೊಡ್ಡಮ್ಮ ಗಟ್ಟಿಯಾಗಿ ತೀರ್ಪು ಕೊಡುವರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಮಾಲೀಕರಿಗೆ ಇದು ಸರಿಬರುತ್ತಿರಲಿಲ್ಲ. ಅವರದು ಮೊದಲಿನಿಂದ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ. ಮಣ್ಣು ಇಷ್ಟು, ಬೆಂಕಿ ಇಷ್ಟು, ಹೊತ್ತು ಇಷ್ಟು ಎಂದು ಲೆಕ್ಕ ಹಾಕಿದರೆ ಹೆಂಚು ಬೆಂದಿರಲೇಬೇಕು, ಅದಕ್ಕೆ ಯಾರೂ ಮೂಸಿ ನೋಡಬೇಕಾಗಿಲ್ಲ. ಮಾವು ಮಾತ್ರ ಯಾಕೆ ಹೀಗೆ ಸತಾಯಿಸಬೇಕು ಎಂದು ಅವರ ಪ್ರಶ್ನೆ. ಹಿಂದಿನ ವರ್ಷ ದೊಡ್ಡಮ್ಮ ಮೊಮ್ಮಗಳ ಮದುವೆಗೆಂದು ಮುಳಬಾಗಿಲಿಗೆ ಹೋಗಿ ನಾಲ್ಕು ದಿನ ಅಲ್ಲೇ ಉಳಿದಾಗ ಕಾರ್ಖಾನೆ ಕೈಕಟ್ಟಿ ಕೂತಿತ್ತಂತೆ. ಆ ಆರು ಜನ ಹೆಂಗಸರು ಇದ್ದರು ನಿಜ, ಆದರೆ ಅವರ ಮಾತಿನ ಮೇಲೆ ಕೋಣೆ ಖಾಲಿ ಮಾಡಿಸಲು ಯಾರೂ ಧೈರ್ಯ ಮಾಡಲಿಲ್ಲ. ಆ ನಾಲ್ಕು ದಿನದ ಸಿಟ್ಟಿನಲ್ಲಿ ಮಾಲೀಕರು ಕಂಪ್ಯೂಟರ್ ಕೊಂಡರು, ಅದರ ಹಿಂದೆಯೇ ನನ್ನನ್ನೂ ಕೆಲಸಕ್ಕೆ ತೆಗೆದುಕೊಂಡರು.

ನನ್ನ ಬಂಡವಾಳ ಕೋಲಾರದ ಕಾಲೇಜಿನ ಬಿ.ಎಸ್ಸಿ., ಟೈಪಿಂಗ್ ಸೀನಿಯರ್ ಪರೀಕ್ಷೆ, ಮತ್ತು ಬೆಂಗಳೂರಿನ ಒಂದು ಮಹಡಿಯ ಮೇಲೆ ಮೂರು ತಿಂಗಳು ಕಲಿತ ಕಂಪ್ಯೂಟರ್ ಕೋರ್ಸು. ಅಲ್ಲಿ ಹತ್ತು ಜನಕ್ಕೆ ಒಂದು ಯಂತ್ರ. ಒಬ್ಬರು ಕುಟ್ಟುತ್ತಿದ್ದರೆ ಒಂಬತ್ತು ಜನ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದೆವು. ತಪ್ಪು ಹುಡುಕುವುದರಲ್ಲಿ ನನಗೆ ಒಳ್ಳೆಯ ತರಬೇತಿಯಾಗಿತ್ತು.

ಮೊದಲ ದಿನ ಮಾಲೀಕರು ನನ್ನನ್ನು ಕೂರಿಸಿಕೊಂಡು ವಿಷಯ ನೇರವಾಗಿ ಹೇಳಿದರು. "ನೋಡಮ್ಮ, ಆಯಮ್ಮನ ಮೂಗಿನಲ್ಲಿ ಏನೇನಿದೆಯೋ ಎಲ್ಲಾನೂ ಈ ಪೆಟ್ಟಿಗೆಗೆ ಇಳಿಸಿಬಿಡು. ಬರೋ ವರ್ಷ ಆಯಮ್ಮ ಬಂದ್ರೂ ಸರಿ, ಬರದಿದ್ರೂ ಸರಿ."

ಆಯ್ತು ಸಾರ್ ಎಂದೆ. ಒಬ್ಬ ಹೆಂಗಸಿನ ಕೆಲಸ ಹೋಗುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಅದರಲ್ಲಿ ತಪ್ಪೇನು ಎನಿಸಿತು, ಅಷ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ ಕಟ್ಟಿಸಿದ್ದರು. ಏರ್ ಕಂಡೀಷನ್ ಹಾಕಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿದ್ದ ಆ ಯಂತ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದವನು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಸಣಕಲು ಮನುಷ್ಯ. ಅವನ ಏರ್ಪಾಡು ಸರಳವಾಗಿತ್ತು. ಪ್ರತಿ ಕೋಣೆಯ ಬಾಗಿಲಿಗೆ ಒಂದು ಕಾರ್ಡು. ಬೆಳಗ್ಗೆ ಮತ್ತು ಸಂಜೆ ಹೆಂಗಸರು ಅದರಲ್ಲಿ ಹಣ್ಣು ನೂರಕ್ಕೆ ಎಷ್ಟು ಮಾಗಿದೆ ಎಂದು ಬರೆಯಬೇಕು. ನಾನು ಅದನ್ನು ಯಂತ್ರಕ್ಕೆ ಊಡಿಸಬೇಕು. ಎಂಬತ್ತು ದಾಟಿದ ಕೋಣೆಗಳ ಪಟ್ಟಿಯನ್ನು ಯಂತ್ರ ಕರಕರನೆ ಅಚ್ಚು ಹಾಕಿ ಕೊಡುತ್ತದೆ. ಆ ಪಟ್ಟಿಯಲ್ಲಿರುವ ಕೋಣೆಯನ್ನು ಮಾತ್ರ ಖಾಲಿ ಮಾಡಬೇಕು, ಬೇರೆ ಯಾರ ಮಾತನ್ನೂ ಕೇಳಬಾರದು ಎಂದು ಮಾಲೀಕರು ಆಜ್ಞೆ ಹೊರಡಿಸಿದರು.

ಮೊದಲ ವಿರೋಧ ಸೂಪರ್‌ವೈಸರರದು. ಅವರು ದೇವರಾಯಸಮುದ್ರದವರು. ಖುಷಿಯಾದಾಗ ಕನ್ನಡ, ಕೋಪ ಬಂದಾಗ ತೆಲುಗು ಮಾತನಾಡುತ್ತಿದ್ದರು. ನಾನು ಸೇರಿದ ಮೇಲೆ ಅವರು ನನ್ನೊಡನೆ ಬಹಳ ದಿನ ಕನ್ನಡ ಮಾತನಾಡಲೇ ಇಲ್ಲ. ಯಂತ್ರದ ಹತ್ತಿರ ಬಂದರೆ ಶಾಕ್ ಹೊಡೆಯುತ್ತದೆ ಎಂದು ಮೊದಲು ಹೇಳಿದರು. ಇಲ್ಲ ಎಂದು ನಾನೇ ಮುಟ್ಟಿ ತೋರಿಸಿದ ಮೇಲೆ, ಹಸಿರು ಅಕ್ಷರ ನೋಡಿದರೆ ತಲೆ ಸುತ್ತುತ್ತದೆ ಎಂದರು. ಕೊನೆಗೆ ಪಟ್ಟಿ ತೆಗೆದುಕೊಳ್ಳಲು ತಾವು ಬರುವುದಿಲ್ಲ, ಬಾಗಿಲ ಕೆಳಗಿನ ಸಂದಿಯಿಂದ ತಳ್ಳಬೇಕು ಎಂದು ಷರತ್ತು ಹಾಕಿದರು. ಹಾಗೆಯೇ ತಳ್ಳುತ್ತಿದ್ದೆ, ಹಲ್ಲು ಕಡಿದುಕೊಂಡು.

ಹೆಂಗಸರು ಯಾವ ತಕರಾರೂ ಮಾಡಲಿಲ್ಲ. ಅವರನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ನಾನು ಒಂದು ಗಂಟೆ ಪಾಠ ಮಾಡಿದೆ. ಪೂರಾ ಕಾಯಿಯಾಗಿದ್ದರೆ ಸೊನ್ನೆ, ಪೂರಾ ಹಣ್ಣಾಗಿದ್ದರೆ ನೂರು, ನಡುವೆ ಇದ್ದರೆ ನಡುವಿನದು. ಎಲ್ಲರೂ ತಲೆಯಾಡಿಸಿದರು. ಅಂಕಿ ಬರೆಯಲು ಎಲ್ಲರಿಗೂ ಬರುತ್ತಿತ್ತು. ಇಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ, ನನಗೆ ಪಾಠ ಮಾಡುವ ಕೈಗುಣ ಇದೆ ಎಂದು ಬೀಗಿಕೊಂಡು ಆ ದಿನ ಕೋಲಾರದ ಬಸ್ಸು ಹತ್ತಿದೆ. ದೊಡ್ಡಮ್ಮ ಮಾತ್ರ ಪಾಠದುದ್ದಕ್ಕೂ ನನ್ನ ಬಾಯನ್ನೇ ನೋಡುತ್ತಾ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

ಮೊದಲ ದಿನ ಯಂತ್ರ ಯಾವ ಕೋಣೆಯನ್ನೂ ಪಟ್ಟಿ ಮಾಡಲಿಲ್ಲ. ಇನ್ನೂ ಮಾಗಿಲ್ಲವೇನೋ ಎಂದುಕೊಂಡೆ. ಎರಡನೆಯ ದಿನವೂ ಪಟ್ಟಿ ಖಾಲಿ. ಮೂರನೆಯ ದಿನವೂ ಖಾಲಿ. ಬಾಯ್ಲರಿಗೆ ಬೆಂಕಿ ಹಾಕಿಕೊಂಡು ತಿರುಳು ತೆಗೆಯುವವರೆಲ್ಲ ಬೀಡಿ ಸೇದುತ್ತಾ ಕೂತರು. ಸೂಪರ್‌ವೈಸರರು ಕಿಟಕಿಯ ಹೊರಗೆ ನಿಂತು ತೆಲುಗಿನಲ್ಲಿ ಬಹಳ ಹೊತ್ತು ಮಾತನಾಡಿದರು. ಯಂತ್ರ ತಪ್ಪು ಹೇಳುವುದಿಲ್ಲ ಎಂದು ನಾನು ಕಿಟಕಿಯ ಒಳಗಿನಿಂದ ಕನ್ನಡದಲ್ಲಿ ಹೇಳಿದೆ. ಮಾಲೀಕರು ಮಾಲೂರಿನಲ್ಲಿದ್ದರು, ಅವರ ಆಜ್ಞೆ ಮೀರಲು ಯಾರಿಗೂ ಧೈರ್ಯವಿರಲಿಲ್ಲ.

ಐದನೆಯ ದಿನ ಬೆಳಗ್ಗೆ ನಾನು ಬಸ್ಸಿನಿಂದ ಇಳಿಯುತ್ತಿದ್ದಂತೆಯೇ ಹೆಂಡದ ವಾಸನೆ ಹೊಡೆಯಿತು. ನಾಲ್ಕನೆಯ ಕೋಣೆಯ ಬಾಗಿಲ ಮುಂದೆ ಎಲ್ಲರೂ ಸೇರಿದ್ದರು. ದೊಡ್ಡಮ್ಮ ಒಂದು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು, ಯಾರ ಮೇಲೂ ಸಿಟ್ಟಿಲ್ಲದೆ, ಕುಡ್ದ್‌ಬಿಟ್ಟೈತೆ ಎಂದರು.

ಆ ಕೋಣೆಯ ಹಣ್ಣನ್ನೆಲ್ಲ ಹಿಂದಿನ ಹಳ್ಳಕ್ಕೆ ಸುರಿಸಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಯಾರದೋ ಎರಡು ಎಮ್ಮೆಗಳು ಅದನ್ನು ಹೊಟ್ಟೆ ತುಂಬ ತಿಂದು ರಸ್ತೆಗೆ ಬಂದು ಕುಳಿತವು. ಹಾರ್ನ್ ಹೊಡೆದರೂ ಏಳಲಿಲ್ಲ, ಬಾಲ ತಿರುಚಿದರೂ ಏಳಲಿಲ್ಲ. ಕೋಲಾರದ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಪ್ರಯಾಣಿಕರು ಇಳಿದು ಬಂದು, ಇದೆಲ್ಲ ಯಾರ ಕೆಲಸ ಎಂದು ವಿಚಾರಿಸಿದರೆ ಸೂಪರ್‌ವೈಸರರು ಕಂಪ್ಯೂಟರ್ ಕೋಣೆಯ ಕಡೆ ಕೈ ತೋರಿಸಿದರು. ಅವತ್ತು ಮಾತ್ರ ಅವರು ಕನ್ನಡದಲ್ಲೇ ಮಾತನಾಡಿದರು.

ನಾನು ಅವಮಾನದಿಂದ ಕುದಿಯುತ್ತಾ ಎಂಟೂ ಕೋಣೆಯ ಕಾರ್ಡುಗಳನ್ನು ಕಿತ್ತು ತಂದು ಮುಂದೆ ಹರಡಿಕೊಂಡೆ. ನೋಡುತ್ತಾ ಹೋದಂತೆ ಒಂದು ವಿಚಿತ್ರ ಕಾಣಿಸಿತು. ಎಲ್ಲೂ ಮೂವತ್ತೈದಕ್ಕಿಂತ ಕಡಿಮೆ ಅಂಕಿಯೇ ಇಲ್ಲ. ಹಿಂದಿನ ದಿನ ಗಾಡಿಯಿಂದ ಇಳಿಸಿದ, ಕಲ್ಲಿನ ಹಾಗಿದ್ದ ತೋತಾಪುರಿಗೂ ಮೂವತ್ತೆಂಟು. ಅದೇ ಹೊತ್ತಿಗೆ, ಅರವತ್ತೆರಡರ ಮೇಲೆಯೂ ಒಂದೂ ಇಲ್ಲ.

ಆರು ಜನರನ್ನೂ ಕರೆಸಿ ಕೇಳಿದೆ. ಅವರಲ್ಲಿ ಹಿರಿಯಳು, ಎಸ್ಸೆಸ್ಸೆಲ್ಸಿಗೆ ಮಗನನ್ನು ಮೂರನೆಯ ಸಲ ಕೂರಿಸಿದ್ದವಳು, ನಿಧಾನವಾಗಿ ವಿವರಿಸಿದಳು. "ಮೂವತ್ತೈದಕ್ಕಿಂತ ಕಮ್ಮಿ ಹಾಕಿದ್ರೆ ಫೇಲಲ್ವೇನಮ್ಮ? ಪಾಪ, ನಿನ್ನೆ ತಾನೇ ಬಂದವೆ. ಬಂದ ದಿನವೇ ಫೇಲ್ ಮಾಡೋಕಾಯ್ತದಾ?"

ಹಾಗಾದರೆ ಪೂರಾ ಹಣ್ಣಾದದ್ದಕ್ಕೆ ನೂರು ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಅರವತ್ತು ಫಸ್ಟ್ ಕ್ಲಾಸು, ಅದಕ್ಕಿಂತ ಜಾಸ್ತಿ ಯಾವ ಮೇಷ್ಟ್ರು ಯಾರಿಗೆ ಕೊಟ್ಟಿದ್ದಾರೆ ಎಂದು ಅವರೇ ನನ್ನನ್ನು ತಿರುಗಿ ಕೇಳಿದರು. ಅರವತ್ತೆರಡು ಹಾಕಿದ್ದೇ ದೊಡ್ಡ ಮನಸ್ಸು ಮಾಡಿ, ಆ ಬಾದಾಮಿ ಅಷ್ಟು ಚೆನ್ನಾಗಿತ್ತಂತೆ. ಬಿ.ಎಸ್ಸಿ.ಯಲ್ಲಿ ನನಗೆ ಬಂದದ್ದು ಐವತ್ತೆಂಟು. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಮಾಲೀಕರು ಮಾಲೂರಿನಿಂದ ಬಂದು ಕೂಗಾಡಿ ಹೋದ ಮೇಲೆ ನನಗೆ ಒಂದು ತಿಂಗಳ ಗಡುವು ಸಿಕ್ಕಿತು. ಶೇಕಡಾ ಲೆಕ್ಕವನ್ನು ಮತ್ತೆ ಕಲಿಸುವುದು ಬೇಡ ಎಂದು ನಿರ್ಧರಿಸಿದೆ. ಇವರು ಒಳಗೊಳಗೇ ಏನು ಲೆಕ್ಕ ಇಟ್ಟುಕೊಂಡಿದ್ದಾರೋ ಅದನ್ನೇ ನಾನು ಕಲಿಯಬೇಕು. ದೊಡ್ಡಮ್ಮನ ಹಿಂದೆ ನೋಟ್‌ಬುಕ್ ಹಿಡಿದು ಹೊರಟೆ.

ಮೂರು ದಿನ ಹುಲ್ಲಿನ ಧೂಳಿನಲ್ಲಿ ಸೀನುತ್ತಾ ಓಡಾಡಿದ ಮೇಲೆ ಗೊತ್ತಾಯಿತು, ಅವರ ಹತ್ತಿರ ಒಟ್ಟು ಏಳೇ ಮಾತು ಇವೆ. ಬಂದ ದಿನ ಕಾಯಿ ಮಲಗಿದೆ. ಮಾರನೆಯ ದಿನ ಕಣ್ಣು ಬಿಟ್ಟಿದೆ. ಆಮೇಲೆ ಮುನಿಸಿಕೊಂಡಿದೆ, ಅಂದರೆ ಹುಳಿಯ ವಾಸನೆ ಏಳುವ ಹೊತ್ತು. ಆಗ ಅದನ್ನು ಮುಟ್ಟಲೇಬಾರದು. ಅದಾದ ಮೇಲೆ ಮಾತಾಡುತ್ತಿದೆ. ಆಮೇಲೆ ಕರೆಯುತ್ತಿದೆ, ಕೋಣೆ ಖಾಲಿ ಮಾಡಬೇಕಾದದ್ದು ಆ ದಿನ. ತಪ್ಪಿದರೆ ಕೂಗುತ್ತಿದೆ. ಅದೂ ತಪ್ಪಿದರೆ ಕುಡಿದುಬಿಟ್ಟಿದೆ. ಏಳನ್ನೂ ಬರೆದುಕೊಂಡು ಓದಿ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿ, ಇಷ್ಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಬೇಕಾ ಎಂದು ಕೇಳಿದರು.

ಬೆಂಗಳೂರಿನ ಪ್ರೋಗ್ರಾಂ ಮನುಷ್ಯನನ್ನು ಒಪ್ಪಿಸಲು ಅದಕ್ಕಿಂತ ಕಷ್ಟವಾಯಿತು. ಹಣ್ಣು ಮುನಿಸಿಕೊಳ್ಳುತ್ತದೆ ಎಂದು ಪ್ರೋಗ್ರಾಂ ಬರೆಯಲು ತಾನು ಇಂಜಿನಿಯರಿಂಗ್ ಓದಿಲ್ಲ ಎಂದ. ನಾನು ಒಂದು ಬುಟ್ಟಿ ಬಾದಾಮಿ ಮುಂದಿಟ್ಟು, ಇದರಲ್ಲಿ ಯಾವುದು ನೂರಕ್ಕೆ ಎಂಬತ್ತು ಎಂದು ಆರಿಸಿ ಕೊಡಿ ನೋಡೋಣ ಎಂದೆ. ಅವನು ಬಹಳ ಹೊತ್ತು ಹಿಚುಕಿ, ಮೂಸಿ, ಕೊನೆಗೆ ಎರಡು ಹಣ್ಣು ತಿಂದು, ಸಂಜೆಯ ಹೊತ್ತಿಗೆ ಒಂದರಿಂದ ಏಳರವರೆಗಿನ ಸಂಖ್ಯೆಗೆ ಪ್ರೋಗ್ರಾಂ ತಿದ್ದಿಕೊಟ್ಟ. ಅಚ್ಚಾಗುವ ಪಟ್ಟಿಯಲ್ಲಿ ಸಂಖ್ಯೆಯ ಮುಂದೆ ಆ ಮಾತೂ ಬರಬೇಕು ಎಂದು ನಾನು ಹಟ ಹಿಡಿದೆ. ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಕರೆಯುತ್ತಿದೆ, ಕೂಗುತ್ತಿದೆ ಎನ್ನುವುದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾದವು. ಮುಂದೆ ಒಬ್ಬ ಹೊರಗಿನ ವ್ಯಾಪಾರಿ ಬಂದಾಗ ಮಾಲೀಕರು ಆ ಕಾಗದ ತೋರಿಸಿ ಇದು ನಮ್ಮದೇ ದರ್ಜೆ ಎಂದರಂತೆ. ಆತ ತನಗೂ ಅದೇ 'ಕರೆಯುತ್ತಿದೆ' ದರ್ಜೆಯ ಡಬ್ಬಿ ಬೇಕೆಂದು ಹಟ ಹಿಡಿದು ಹೋದ.

ಇಷ್ಟಾದರೂ ಹೆಂಗಸರು ಕಾರ್ಡು ಬರೆಯುವುದು ಹೊತ್ತಿಗೆ ಸರಿಯಾಗಿ ಆಗುತ್ತಿರಲಿಲ್ಲ. ಒಂದು ದಿನ ಬೇಸತ್ತು, ಕಾರ್ಡು ಬೇಡ, ನೀವೇ ಬಂದು ಬಾಯಲ್ಲಿ ಹೇಳಿಹೋಗಿ ಎಂದೆ. ಆಗ ಮೇ ತಿಂಗಳು. ಹೊರಗೆ ಬಿಸಿಲಿಗೆ ನೆಲ ಕಾದ ಹಂಚು, ಒಳಗೆ ಏರ್ ಕಂಡೀಷನ್. ಮೊದಲ ದಿನ ಒಬ್ಬಳು ಬಂದಳು. ಮಾರನೆಯ ದಿನ ಆರೂ ಜನ ಬಂದರು. ಒಂದು ಕೋಣೆಯ ವಿಷಯ ಹೇಳಲು ಆರು ಜನ ಯಾಕೆ ಎಂದು ಕೇಳಿದರೆ, ತಪ್ಪಾಗಬಾರದಲ್ಲ ಎಂದರು. ನಾಲ್ಕನೆಯ ಕೋಣೆ ಮಾತಾಡ್ತಾ ಇದೆಯೋ ಕರೀತಾ ಇದೆಯೋ ಎಂದು ತಣ್ಣಗೆ ಕೂತು ಅರ್ಧ ಗಂಟೆ ಚರ್ಚೆಯಾಗುತ್ತಿತ್ತು. ಚರ್ಚೆ ಮುಗಿದರೆ ಬಿಸಿಲಿಗೆ ಹೋಗಬೇಕಾಗುತ್ತದೆ ಎಂದು ಹೊಸ ಅನುಮಾನ ಎತ್ತುತ್ತಿದ್ದರು. ಮಾತು ಮುಗಿಯದ ದಿನ ಅವರವರೇ ಕೀಲಿ ಒತ್ತಿ ತೀರ್ಮಾನ ಹಾಕಲು ಕಲಿತರು. ಎರಡು ವಾರದಲ್ಲಿ ನನ್ನ ಕುರ್ಚಿ ನನಗೆ ಸಿಗುವುದು ಕಷ್ಟವಾಯಿತು.

ಸೂಪರ್‌ವೈಸರರು ಯಂತ್ರದ ಕಡೆಗೆ ಬಂದದ್ದು ಬೇರೆ ದಾರಿಯಲ್ಲಿ. ಗೇಟಿನಲ್ಲಿ ಗಾಡಿಯವರು, ನಮ್ಮ ಕಾಯಿ ಇವತ್ತೇ ಇಳಿಸಿಕೊಳ್ಳಿ ಎಂದು ಪ್ರತಿದಿನ ಅವರ ಕುತ್ತಿಗೆಗೆ ಬೀಳುತ್ತಿದ್ದರು. ಅವರಲ್ಲಿ ಅರ್ಧ ಜನ ನೆಂಟರು, ಉಳಿದರ್ಧ ನೆಂಟರ ನೆಂಟರು. ಇಲ್ಲ ಎನ್ನಲು ಅವರಿಂದ ಆಗುತ್ತಿರಲಿಲ್ಲ. ಒಂದು ದಿನ ಬಾಯಿತಪ್ಪಿ, ಕೋಣೆ ಖಾಲಿ ಇಲ್ಲ ಅಂತ ಕಂಪ್ಯೂಟರ್ ಹೇಳಿದೆ ಎಂದುಬಿಟ್ಟರು. ಗಾಡಿಯವನು ಮರುಮಾತಿಲ್ಲದೆ ನೆರಳಿಗೆ ಹೋಗಿ ಕೂತ. ಅವತ್ತಿನಿಂದ ಅವರಿಗೆ ಯಂತ್ರದ ಮೇಲೆ ಭಕ್ತಿ ಬಂತು. ಚಪ್ಪಲಿ ಬಿಟ್ಟು ಒಳಗೆ ಬಂದು ಪಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳತೊಡಗಿದರು. ನನ್ನೊಡನೆ ಕನ್ನಡಕ್ಕೆ ಮರಳಿದರು.

ಹೀಗೆ ಜೂನ್ ಮುಗಿಯುವ ಹೊತ್ತಿಗೆ ನಮ್ಮ ಯಂತ್ರ ಒಂದು ಕೋಣೆಯನ್ನೂ ತಪ್ಪು ಹೇಳುತ್ತಿರಲಿಲ್ಲ. ತಿರುಳು ಚೆನ್ನಾಗಿದೆ ಎಂದು ಕಾಗದಗಳು ಬಂದವು. ಮಾಲೀಕರು ನನ್ನನ್ನು ಕರೆದು ಭೇಷ್ ಎಂದರು. ಕೊನೆಗೆ ಬರುವ ನೀಲಂ ಮಾವು ಮುಗಿದ ಮೇಲೆ ಆಯಮ್ಮನಿಗೆ ಒಂದು ಶಾಲು ಹೊದಿಸಿ ಮರ್ಯಾದೆಯಾಗಿ ಕಳಿಸಿಬಿಡೋಣ, ಬರುವ ವರ್ಷಕ್ಕೆ ನೀನು, ಯಂತ್ರ ಸಾಕು ಎಂದರು. ಆ ಆರು ಜನರ ಬದಲಿಗೂ ಕೂಲಿಗೆ ಯಾರಾದರೂ ಸಿಗುತ್ತಾರೆ ಎಂದೂ ಸೇರಿಸಿದರು.

ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮೂರು ತಿಂಗಳು ಆಯಮ್ಮನ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ತಿಂದಿದ್ದೆ. ಹುಲ್ಲಿನ ಧೂಳಿಗೆ ನನಗೆ ಸೀನು ಬಂದಾಗಲೆಲ್ಲ ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದ್ದರು. ಡಬ್ಬಿ ಮುಚ್ಚಿ ಎದ್ದು ಆರನೆಯ ಕೋಣೆಗೆ ಹೋದೆ. ಅವರೊಬ್ಬರೇ ಹುಲ್ಲು ಜಾಡಿಸುತ್ತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮ ಕೆಲಸ ತೆಗೆಯುವುದಕ್ಕೇ ನನ್ನನ್ನು ಇಟ್ಟುಕೊಂಡದ್ದು, ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು ಎಂದೆ.

ಅವರು ಜಾಡಿಸುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ನಂಗೆ ವಾಸ್ನೆ ಬರಲ್ಲ ಕಣಮ್ಮ. ಎರಡು ವರ್ಷ ಆಯ್ತು."

ನನಗೆ ಅರ್ಥವಾಗಲಿಲ್ಲ. ಅವರು ಹುಲ್ಲಿನ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡು ಹೇಳಿದರು. ಎರಡು ವರ್ಷದ ಹಿಂದೆ ಒಂದು ಜ್ವರ ಬಂದಿತ್ತಂತೆ. ಹೋಗುವಾಗ ಅದು ವಾಸನೆಯನ್ನೂ ಕರೆದುಕೊಂಡು ಹೋಯಿತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಬರಲಿಲ್ಲ. ಕೆನ್ನೆಗೆ ಒತ್ತಿಕೊಂಡರೆ ಕಾವು ಒಂದಿಷ್ಟು ಹೇಳುತ್ತಿತ್ತು, ಆದರೆ ಅದು ಸಾಲದು. ಆದ್ದರಿಂದ ಹಣ್ಣನ್ನು ಸುಮ್ಮನೆ ಮೂಗಿಗೆ ಹಿಡಿದು, ಏನಂತೀರೇ ಎಂದು ಆರು ಜನರನ್ನು ಕೇಳತೊಡಗಿದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳ ಮೂಗು ಬಹಳ ಚುರುಕು. ಅವಳು ಮೆಲ್ಲಗೆ ಹೇಳಿದ್ದನ್ನು ಇವರು ಗಟ್ಟಿಯಾಗಿ ಹೇಳುತ್ತಿದ್ದರು. ಅದೇ ತೀರ್ಪು.

ಅದು ಶಿಷ್ಯರನ್ನು ಪರೀಕ್ಷಿಸುವ ಗುರುವಿನ ಕ್ರಮ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

"ಮೂಗು ಸತ್ತೋಯ್ತು ಅಂತ ಮನೆಗೆ ಕಳ್ಸಿದ್ರೆ ಊರಲ್ಲಿ ತಲೆ ಎತ್ತೋಕಾಯ್ತದಾ?" ಎಂದರು ದೊಡ್ಡಮ್ಮ. "ಮಿಷನ್ ಬಂತು, ಅದ್ಕೇ ಬಿಟ್ಟೆ ಅಂದ್ರೆ ಅದು ಮರ್ಯಾದೆ. ನೀನು ನನ್ನ ಕೆಲ್ಸ ಕಿತ್ಕೊಂಡಿಲ್ಲ, ಮಾನ ಉಳಿಸಿದ್ದೀಯ. ಬಾಯಿ ಬಿಡಬೇಡ."

ನನಗೆ ಮೊದಲು ಬಂದದ್ದು ಕೋಪ. ವಾಸನೆಯೇ ಬಾರದ ಹೆಂಗಸಿನ ಮೂಗನ್ನು ಪೆಟ್ಟಿಗೆಗೆ ಇಳಿಸುತ್ತೇನೆಂದು ಮೂರು ತಿಂಗಳು ಧೂಳು ಕುಡಿದಿದ್ದೇನೆ. ಆಮೇಲೆ ಮಾಲೀಕರ ಮುಖ ನೆನಪಾಯಿತು. ಎಷ್ಟು ತಡೆದರೂ ನಗು ನಿಲ್ಲಲಿಲ್ಲ. ದೊಡ್ಡಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ, ಆ ಆರು ಜನರನ್ನೂ ಬದಲಾಯಿಸುವ ಯೋಚನೆ ಮಾಲೀಕರಿಗೆ ಇದೆ ಎಂದು ಹೇಳಿದೆ. ಅವರ ಮುಖ ಗಂಭೀರವಾಯಿತು, ಅದನ್ನು ನನಗೆ ಬಿಡು ಎಂದರು.

ಜುಲೈನಲ್ಲಿ, ಕೊನೆಯ ಡಬ್ಬಿ ಮುಚ್ಚಿದ ದಿನ, ಬೇವಿನ ಮರದ ಕೆಳಗೆ ಬೆಂಚು ಹಾಕಿದರು. ಮಾಲೀಕರು ಶಾಲು ಹೊದಿಸಿ, ತಮ್ಮ ತೋಟದ ಮಲ್ಲಿಕಾ ಹಣ್ಣಿನ ಒಂದು ಬುಟ್ಟಿ ಕೊಟ್ಟು ಭಾಷಣ ಮಾಡಿದರು. ಈ ತಾಯಿಯ ಮೂಗು ಈಗ ನಮ್ಮ ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಇದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಎರಡು ಮಾತು ಹೇಳಿ ಎಂದಾಗ ದೊಡ್ಡಮ್ಮ ಎದ್ದು ಕೈ ಮುಗಿದರು.

"ಮಿಷನ್ ಎಲ್ಲಾ ಕಲ್ತೈತೆ ಸ್ವಾಮಿ. ಆದ್ರೆ ಇವತ್ತಿನ ಹಣ್ಣು ಹೆಂಗೈತೆ ಅಂತ ಅದಕ್ಕೆ ದಿನಾ ಹೇಳೋರು ಬೇಕಲ್ಲ. ಈ ಆರು ಜನದ ಮಾತೇ ಅದಕ್ಕೆ ಅಭ್ಯಾಸ ಆಗೈತೆ. ಬೇರೆಯೋರು ಹೇಳಿದ್ರೆ ಕೇಳಲ್ಲ."

ಮಾಲೀಕರು ನನ್ನ ಕಡೆ ತಿರುಗಿ ಇದು ನಿಜವೇ ಎಂದು ಕೇಳಿದರು. ನಿಜ ಸಾರ್ ಎಂದೆ. ಅಷ್ಟು ಜನರ ಎದುರಿಗೆ ಅವರು, ಹಾಗಾದರೆ ಈ ಆರು ಜನ ಖಾಯಂ ಎನ್ನಲೇಬೇಕಾಯಿತು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ದೊಡ್ಡಮ್ಮನ ಹಿಂದೆ ನಿಂತು ಅಳುತ್ತಿದ್ದಳು.

ಸಂಜೆ ಕೋಲಾರದ ಬಸ್ಸಿನಲ್ಲಿ ದೊಡ್ಡಮ್ಮನ ಪಕ್ಕದಲ್ಲೇ ಕೂತೆ. ಅವರ ಊರು ದಾರಿಯಲ್ಲೇ. ಬುಟ್ಟಿ ಅವರ ತೊಡೆಯ ಮೇಲಿತ್ತು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅದರ ಮುಂದಿನವರೂ ನೋಡಿದರು. ಕಂಡಕ್ಟರ್ ಟಿಕೆಟ್ ಕೊಟ್ಟ ಮೇಲೂ ಅಲ್ಲೇ ನಿಂತ.

"ಯಾಕಮ್ಮ ಎಲ್ಲಾ ಹಿಂಗೆ ನೋಡ್ತಾವ್ರೆ?" ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಕೇಳಿದರು.

ಹಣ್ಣಿನ ವಾಸನೆ ಬಸ್ಸೆಲ್ಲ ತುಂಬಿಕೊಂಡಿದೆ ಎಂದೆ. ಅವರು ಬುಟ್ಟಿಯ ಮೇಲೆ ಮುಖ ಬಾಗಿಸಿ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು. ಮತ್ತೆ ತಲೆಯೆತ್ತಿ ಕಿಟಕಿಯ ಹೊರಗೆ ನೋಡಿದರು. ನನಗೆ ಅಳು ಬಂತು.

ಅವರ ಊರು ಹತ್ತಿರವಾದಾಗ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಇವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದನ್ನು ಅವಳಿಗೆ ಕೊಡಬೇಕು, ನೀನೇ ಆರಿಸಿ ಕೊಡು ಎಂದರು. ಮೂರು ತಿಂಗಳು ಮಾವಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರೂ ನಾನು ಒಂದು ಹಣ್ಣನ್ನೂ ನೆಟ್ಟಗೆ ಮೂಸಿ ನೋಡಿರಲಿಲ್ಲ. ಒಂದೊಂದಾಗಿ ಎತ್ತಿ ಮೂಗಿಗೆ ಹಿಡಿದೆ. ಎರಡರ ನಡುವೆ ಬಹಳ ಹೊತ್ತು ಅನುಮಾನಿಸಿದೆ. ಕೊನೆಗೆ ಒಂದನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಕೆನ್ನೆಗೆ ಒತ್ತಿಕೊಳ್ಳಲಿಲ್ಲ, ತಿರುಗಿಸಿ ನೋಡಲಿಲ್ಲ. ಹಾಗೆಯೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಇಳಿದುಹೋದರು.